ಬೀಡಿ ಸೇದದವನ ಕಡ್ಡಿಪೆಟ್ಟಿಗೆ

ನಾನು ಬೀಡಿ ಸೇದಿದವನಲ್ಲ. ಪಕ್ಕದವರು ಸೇದಿದರೂ ಕೆಮ್ಮುವವನು. ಆದರೂ ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ವರ್ಷ ನನ್ನ ಅಂಗಿಯ ಜೇಬಿನಲ್ಲಿ ಒಂದು ಕಡ್ಡಿಪೆಟ್ಟಿಗೆ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅಂಗಿ ಒಗೆಯುವ ಮೊದಲು ಅದನ್ನು ಹೊರಗೆ ತೆಗೆದು, ಅಂಗಿಯನ್ನು ಮೂಸಿ ನೋಡಿ, ಕಟ್ಟೆಯ ಮೇಲಿಡುತ್ತಿದ್ದಳು. ಒಂದು ತಿಂಗಳಾದ ಮೇಲೆ ತಡೆಯಲಾರದೆ ಕೇಳಿದಳು. ಕೃಷಿ ಇಲಾಖೆಯ ಕೆಲಸಕ್ಕೆ ಬೇಕಾಗುತ್ತದೆ ಅಂದೆ. ಬೀಜ, ಗೊಬ್ಬರದ ಕೆಲಸಕ್ಕೆ ಬೆಂಕಿ ಯಾಕೆ ಬೇಕು ಅಂದಳು. ನನ್ನ ಬಳಿ ಉತ್ತರವಿತ್ತು, ಅದೂ ಉದ್ದನೆಯ ಉತ್ತರ. ಅವಳ ಪ್ರಶ್ನೆಯೇ ಸರಿಯಿತ್ತು ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಹೊಸದಾಗಿ ಕೃಷಿ ಸಹಾಯಕರಾಗಿ ಸೇರಿದ ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಕೃಷಿ ಸಹಾಯಕ ಅಂದರೆ ಊರೂರು ತಿರುಗಿ, ತನಗಿಂತ ಹೆಚ್ಚು ಹೊಲ ಕಂಡವರಿಗೆ ಹೊಲದ ಬಗ್ಗೆ ಹೇಳುವವನು. ನಾನು ಗೋಕಾಕದಲ್ಲಿ ಶುರು ಮಾಡಿದೆ, ಮೂಡಲಗಿಯ ಕಬ್ಬಿನ ಸೀಮೆಯಲ್ಲಿ ಬಹುಪಾಲು ಕಳೆದೆ, ಹುಕ್ಕೇರಿಯಲ್ಲಿ ಮುಗಿಸಿದೆ. ನಡುವೆ ಒಂದು ಬಡ್ತಿ ಬಂತು. ಕೈಯಿಲ್ಲದ ಕುರ್ಚಿ ಹೋಗಿ ಕೈಯಿರುವ ಕುರ್ಚಿ ಸಿಕ್ಕಿತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಗೋಕಾಕದಲ್ಲಿ ನನ್ನ ಮೊದಲ ಸಾಹೇಬರು ದೇಸಾಯಿಯವರು. ಇಸ್ತ್ರಿ ಮುರಿಯದ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಮಾತು ಕಡಿಮೆ. ಸೇರಿದ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಒಂದು ಉಪದೇಶ ಮಾಡಿದರು. "ರೈತರ ಮುಂದ ಅನುಮಾನ ತೋರಸಬ್ಯಾಡ. ಅನುಮಾನ ಇದ್ರ ಸೈಕಲ್ ಜೋಡಿ ಇಲ್ಲೇ ಆಫೀಸಿನಾಗ ನಿಲ್ಲಿಸಿ ಹೋಗು." ಸೈಕಲ್ ನಿಲ್ಲಿಸಿ ಹೋದರೆ ಊರಿಗೆ ಹೋಗುವುದು ಹೇಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅನುಮಾನವನ್ನು ಮಾತ್ರ ನಿಲ್ಲಿಸಿ ಹೋದೆ.

ಆ ವರ್ಷ ಶೇಂಗಾ ಬೀಜಕ್ಕೆ ಹಚ್ಚುವ ಜೀವಾಣು ಗೊಬ್ಬರದ ಪೊಟ್ಟಣ ಹಂಚುವ ಕೆಲಸ ನನ್ನದು. ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಒಣಗಿಸಿ ಬಿತ್ತಬೇಕು. ಪೊಟ್ಟಣದೊಳಗೆ ಕಣ್ಣಿಗೆ ಕಾಣದ ಲಕ್ಷಾಂತರ ಜೀವಿಗಳಿವೆ, ಅವು ನಿಮ್ಮ ಹೊಲದಲ್ಲಿ ಪುಕ್ಕಟೆ ದುಡಿಯುತ್ತವೆ ಎಂದು ಊರೂರಲ್ಲಿ ಹೇಳಿದೆ. ಬೆಳೆ ಬಂದಾಗ ಹಚ್ಚಿದ ಹೊಲಕ್ಕೂ ಹಚ್ಚದ ಹೊಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನೀವು ಬಿಸಿಲಲ್ಲಿ ಒಣಗಿಸಿರುತ್ತೀರಿ, ಹೇಳಿದಂತೆ ಮಾಡಿರುವುದಿಲ್ಲ ಎಂದು ರೈತರನ್ನೇ ಗದರಿಸಿದೆ. ಒಬ್ಬ ಅಜ್ಜ ಎಲ್ಲ ಕೇಳಿಸಿಕೊಂಡು ಅಂದ: "ಬೆಲ್ಲದ ಪಾಕ ಮಾತ್ರ ಛಲೋ ಇತ್ರಿ ಸಾಹೇಬ್ರ. ಇರಿವಿ ಭಾಳ ಖುಷಿ ಆದೂವು."

ವರ್ಷದ ಕೊನೆಗೆ ಉಳಿದ ಒಂದು ಪೊಟ್ಟಣವನ್ನು ಬಿಸಾಡುವಾಗ ಅದರ ಹಿಂಬದಿ ಓದಿದೆ. ತಂಪಾದ ಜಾಗದಲ್ಲಿಡಿ ಎಂದಿತ್ತು. ನಾನು ಅವನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಗೋಕಾಕದ ಬಿಸಿಲಲ್ಲಿ ವಾರಗಟ್ಟಲೆ ತಿರುಗಿದ್ದೆ. ಆ ಲಕ್ಷಾಂತರ ಜೀವಿಗಳು ಊರು ಸೇರುವ ಮೊದಲೇ ಬೆಂದು ಹೋಗಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ರೈತರಿಗೆ ಆಸಕ್ತಿ ಕಡಿಮೆ ಎಂದು ವರದಿ ಬರೆದೆ. ದೇಸಾಯಿ ಸಾಹೇಬರು ಅದಕ್ಕೆ ಸಹಿ ಮಾಡಿದರು.

ಇದು ಸಣ್ಣ ತಪ್ಪು. ದೊಡ್ಡದು ಮೂಡಲಗಿಯಲ್ಲಿ ಕಾದಿತ್ತು.

ಕಬ್ಬು ಕಡಿದು ಹೋದ ಮೇಲೆ ಹೊಲದ ತುಂಬ ಒಣ ಎಲೆ ಉಳಿಯುತ್ತದೆ. ಅದಕ್ಕೆ ನಮ್ಮ ಕಡೆ ರವದಿ ಅನ್ನುತ್ತಾರೆ. ಬುಡದಿಂದ ಮತ್ತೆ ಚಿಗುರುವ ಕುಳೆ ಕಬ್ಬಿಗೆ ನೀರು ಹಾಯಿಸುವ ಮೊದಲು ಆ ರವದಿಗೆ ಬೆಂಕಿ ಹಚ್ಚುವುದು ರೂಢಿ. ಹುಕ್ಕೇರಿ ಕಡೆಯ ನಮ್ಮೂರಲ್ಲಿ ನನ್ನ ಅಪ್ಪನೂ ಹಚ್ಚುತ್ತಿದ್ದ. ಹೊಲದ ಮೂಲೆಗೆ ಕುಂಕುಮ ಹಾಕಿ, ಅಡಿಕೆ ಇಟ್ಟು, ಕೈ ಮುಗಿದು ಕಡ್ಡಿ ಗೀರುತ್ತಿದ್ದ. "ಇದು ಭೂಮಿತಾಯಿಗೆ ಜಳಕ, ತಮ್ಮಾ" ಅನ್ನುತ್ತಿದ್ದ. ನಾನು ಹಸಿ ಗೋಣಿಚೀಲ ಹಿಡಿದು ಬದುವಿನ ಮೇಲೆ ಕಾವಲು ನಿಲ್ಲುತ್ತಿದ್ದೆ. ಸುಟ್ಟ ಬೆಲ್ಲದಂಥ ಆ ವಾಸನೆ ಬಂದರೆ ಈಗಲೂ ಅಪ್ಪ ಪಕ್ಕದಲ್ಲಿ ನಿಂತ ಹಾಗೆ ಅನಿಸುತ್ತದೆ. ಹಾಗಾಗಿ ರವದಿ ಸುಡಬೇಕು ಎಂಬುದು ನಾನು ಓದಿ ಕಲಿತದ್ದಲ್ಲ. ಅದು ನನ್ನೊಳಗೆ ಮೊದಲಿನಿಂದ ಇತ್ತು.

ನಮ್ಮ ಕೈಗೆ ಬಂದ ಹಳೆಯ ಕರಪತ್ರವೊಂದರಲ್ಲಿ "ರೋಗ ಬಿದ್ದ ಹೊಲದಲ್ಲಿ ರವದಿ ಸುಡಬೇಕು" ಎಂದು ಅಚ್ಚಾಗಿತ್ತು. ಊರಲ್ಲಿ ಓದಿ ಹೇಳುವಾಗ ನಾನು ಮೊದಲ ಮೂರು ಪದ ಬಿಟ್ಟು ಓದುತ್ತಿದ್ದೆ. ಮೋಸ ಮಾಡಬೇಕೆಂದಲ್ಲ. ಆ ಮೂರು ಪದ ನನ್ನ ಕಣ್ಣಿಗೆ ನಿಜಕ್ಕೂ ಬೀಳುತ್ತಿರಲಿಲ್ಲ. ಹೆಚ್ಚಿನವರು ನಾನು ಹೇಳುವ ಮೊದಲೇ ಸುಡುತ್ತಿದ್ದರು. ಹಿಂದೆ ಮುಂದೆ ನೋಡುವವರಿಗಾಗಿ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇರುತ್ತಿತ್ತು.

ಕಾಲುವೆಯ ಕಟ್ಟಕಡೆಯ ಊರೊಂದರಲ್ಲಿ ಲಗಮವ್ವ ಎಂಬ ಹೆಣ್ಣುಮಗಳ ಎರಡು ಎಕರೆ ಕಬ್ಬಿತ್ತು. ಕುರುಬರ ಮನೆತನ. ಗಂಡ ವರ್ಷದ ಬಹುಪಾಲು ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ, ಹೊಲದ ಕೆಲಸವೆಲ್ಲ ಇವರದೇ. ನನಗಿಂತ ಹತ್ತು ವರ್ಷ ಹಿರಿಯರು. ಆಗ ನಾನು ಅವರನ್ನು 'ನೀನು' ಅನ್ನುತ್ತಿದ್ದೆ. ಈಗ ಬಹುವಚನದಲ್ಲಿ ಬರೆಯುವುದಕ್ಕೆ ಕಾರಣವಿದೆ, ಮುಂದೆ ಗೊತ್ತಾಗುತ್ತದೆ.

ಲಗಮವ್ವ ರವದಿ ಸುಡುತ್ತಿರಲಿಲ್ಲ. ಇದರ ಹಿಂದೆ ಏನೋ ದೊಡ್ಡ ಜ್ಞಾನ ಇತ್ತು ಎಂದು ತಿಳಿಯಬೇಡಿ, ನಾನೇ ಕೇಳಿದ್ದೇನೆ. ಮೊದಲ ವರ್ಷ ಕಾಲು ಮುರಿದುಕೊಂಡು ಮಲಗಿದ್ದರು. ಎರಡನೆಯ ವರ್ಷ ಯಾಕೆ ಸುಡಲಿಲ್ಲ ಅಂದರೆ, "ಬ್ಯಾಸರಾತ್ರಿ" ಅಂದರು. ರವದಿ ಹಾಗೇ ಬಿದ್ದ ಹೊಲದಲ್ಲಿ ಚಿಗುರಿದ ಕುಳೆ ಮೊದಲೊಂದು ತಿಂಗಳು ಹಳದಿಯಾಗಿ ಕಾಣುತ್ತಿತ್ತು. ನನಗೆ ಅಷ್ಟು ಸಾಕಾಯಿತು. ಸುತ್ತಲಿನ ರೈತರನ್ನು ಕರೆದುಕೊಂಡು ಬಂದು, ಸುಡದಿದ್ದರೆ ಬೆಳೆಗೆ ಹೀಗೆ ಕಾಮಾಲೆ ಬರುತ್ತದೆ ಎಂದು ತೋರಿಸುತ್ತಿದ್ದೆ. ಅವರ ಹೊಲಕ್ಕೆ ಸೋಮಾರಿ ಹೊಲ ಎಂದು ಹೆಸರಿಟ್ಟವನೂ ನಾನೇ. ತಮ್ಮ ಹೊಲ ಎಷ್ಟು ಕೆಟ್ಟದೆಂದು ನೋಡಲು ಬಂದವರಿಗೆಲ್ಲ ಲಗಮವ್ವ ಚಹಾ ಮಾಡಿಕೊಡುತ್ತಿದ್ದರು.

ಬೇಸಿಗೆಯಲ್ಲಿ ಮಾತ್ರ ನಾನು ಅತ್ತ ಯಾರನ್ನೂ ಕರೆದೊಯ್ಯುತ್ತಿರಲಿಲ್ಲ. ಕಾಲುವೆಯ ನೀರು ಆ ಕಡೆಯ ಊರಿಗೆ ಬರುವಷ್ಟರಲ್ಲಿ ಪಾಳಿಯೇ ಮುಗಿದಿರುತ್ತಿತ್ತು, ಎಲ್ಲರ ಕಬ್ಬು ಬಾಡುತ್ತಿತ್ತು. ಆದರೆ ಸೋಮಾರಿ ಹೊಲ ಹಸಿರಾಗಿ ನಿಲ್ಲುತ್ತಿತ್ತು. ರಾತ್ರಿ ಕದ್ದು ನೀರು ಬಿಡುತ್ತಾಳೆ ಎಂದು ನಾನು ತೀರ್ಮಾನಿಸಿದ್ದೆ.

ಪಕ್ಕದ ಹೊಲದ ಭೀಮಪ್ಪ ಹಾಗೆ ತೀರ್ಮಾನಿಸಲಿಲ್ಲ. ಮೂರನೆಯ ವರ್ಷ ಅವನು ಬಂದು, ತಾನೂ ಈ ಸಲ ರವದಿ ಸುಡದೆ ಬಿಡಬೇಕೆಂದಿದ್ದೇನೆ ಅಂದ. ಒಂದು ಹೊಲದ ಸೋಮಾರಿತನ ಎರಡಾದರೆ ಊರಿಗೆಲ್ಲ ಹಬ್ಬುತ್ತದೆ. ಅವನನ್ನು ಕರೆದುಕೊಂಡು ಲಗಮವ್ವನ ಹೊಲಕ್ಕೆ ಹೋದೆ. ಆಗಷ್ಟೇ ಕಬ್ಬು ಕಡಿದಿತ್ತು, ಹೊಸ ರವದಿ ಮೊಣಕಾಲು ಮಟ್ಟ ಬಿದ್ದಿತ್ತು. ಲಗಮವ್ವ ಮೂಡಲಗಿ ಸಂತೆಗೆ ಹೋಗಿದ್ದರು. ಸುಟ್ಟ ಮೇಲೆ ಹೊಲ ಎಷ್ಟು ಸ್ವಚ್ಛವಾಗುತ್ತದೆ ನೋಡು, ಆಕೆಗೂ ಒಳ್ಳೆಯದಾಗುತ್ತದೆ ಅಂದೆ. ಅವಳು ಬರಲಿ ಸಾಹೇಬರೇ ಎಂದು ಭೀಮಪ್ಪ ಎರಡು ಸಲ ಹೇಳಿದ. ನಾನು ಜೇಬಿಗೆ ಕೈ ಹಾಕಿದೆ.

ಗಾಳಿ ಯಾವ ಕಡೆಗಿದೆ ಎಂದು ನೋಡಲಿಲ್ಲ. ಎಲೆಗಳು ಕಾಗದದ ಹಾಗೆ ಹತ್ತಿಕೊಂಡವು. ಬದುವಿನ ಮೇಲೆ ಲಗಮವ್ವ ಹಾಕಿದ್ದ ಹೀರೆ ಬಳ್ಳಿಯ ಹಂದರ ಹೋಯಿತು, ಎರಡು ನುಗ್ಗೆ ಗಿಡ ಹೋದವು. ಮೇಲಿನ ರವದಿ ಉರಿದು ಹೋದರೂ ಕೆಳಗಿನ ಹಳೆಯ ಪದರ ಆರಲಿಲ್ಲ, ಸಂಜೆಯವರೆಗೆ ಹೊಗೆಯಾಡುತ್ತಲೇ ಇತ್ತು. ಸಂತೆ ಚೀಲ ಹಿಡಿದುಕೊಂಡು ಲಗಮವ್ವ ಬಂದಾಗ ನಾನೂ ಭೀಮಪ್ಪನೂ ಮುಖದ ತುಂಬ ಮಸಿ ಮಾಡಿಕೊಂಡು ಬದುವಿನ ಬೆಂಕಿ ಬಡಿಯುತ್ತಿದ್ದೆವು.

ಅವರು ಕೂಗಾಡಲಿಲ್ಲ. ಯಾರು ಹಚ್ಚಿದ್ದು ಎಂದು ಕೇಳಿದರು. ನಾನೇ ಅಂದೆ, ನಿನ್ನ ಒಳ್ಳೆಯದಕ್ಕೇ ಅಂದೆ. ಆಮೇಲೆ ಚೀಲ ಕೆಳಗಿಟ್ಟು, "ಚಾ ಕುಡೀತೀರೇನು?" ಅಂದರು. ಬೈದಿದ್ದರೆ ನಾನು ಜಗಳ ಮಾಡಿ ಮನೆಗೆ ಹೋಗಿ ನೆಮ್ಮದಿಯಿಂದ ಮಲಗುತ್ತಿದ್ದೆ. ಆ ಚಹಾ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಬೆಂಕಿ ಪೂರ್ತಿ ಆರಿದೆಯೇ ನೋಡಲು ಒಬ್ಬನೇ ಹೋದೆ. ಹೊಲದ ತುಂಬ ಬೆಳ್ಳಕ್ಕಿ, ಕಾಗೆ. ಸುಟ್ಟ ಎಷ್ಟೋ ಹೊಲ ನೋಡಿದ್ದೆ, ಮರುದಿನ ಇಷ್ಟು ಹಕ್ಕಿ ನೋಡಿರಲಿಲ್ಲ. ಬೂಟಿನ ತುದಿಯಿಂದ ಬೂದಿ ಸರಿಸಿ ಮಣ್ಣಿನ ಒಂದು ಹೆಂಟೆ ಮಗುಚಿದೆ. ಎರೆಹುಳುಗಳು ಬೇಯಿಸಿದ ಶಾವಿಗೆಯಂತೆ ಗಂಟು ಗಂಟಾಗಿ ಬಿದ್ದಿದ್ದವು. ಇನ್ನೊಂದು ಹೆಂಟೆ ಮಗುಚಿದೆ, ಅಲ್ಲೂ ಅದೇ. ಮಣ್ಣು ಕರ್ರಗೆ, ಮೆತ್ತಗೆ, ಬೆಂಕಿ ಬಿದ್ದು ಒಂದು ರಾತ್ರಿ ಕಳೆದರೂ ಒಳಗೆ ಇನ್ನೂ ತೇವ. ಅಂಥ ಮಣ್ಣು ನಮ್ಮ ಅಪ್ಪನ ಹೊಲದಲ್ಲಿ ಎಂದೂ ಇರಲಿಲ್ಲ. ಈ ಹೊಲ ಬೇಸಿಗೆಯಲ್ಲಿ ಹಸಿರಾಗಿ ಇರುತ್ತಿದ್ದದ್ದು ಯಾಕೆ, ಯಾರೂ ನೀರು ಕದಿಯುತ್ತಿರಲಿಲ್ಲ ಎಂಬುದೆಲ್ಲ ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತಾಗ ಒಟ್ಟಿಗೆ ಹೊಳೆಯಿತು.

ಹೊಳೆದ ತಕ್ಷಣ ಎದ್ದು ಹೋಗಿ ಲಗಮವ್ವನ ಕಾಲು ಹಿಡಿದೆ ಎಂದು ಬರೆಯುವ ಆಸೆಯಿದೆ. ನಾನು ಮಾಡಿದ್ದು ಬೇರೆ. ಅತ್ತ ಇತ್ತ ನೋಡಿದೆ, ಯಾರೂ ಇರಲಿಲ್ಲ. ಮಗುಚಿದ ಹೆಂಟೆಗಳನ್ನು ಬೂಟಿನಿಂದ ಮತ್ತೆ ಹಾಗೇ ಮಗುಚಿ ಮುಚ್ಚಿಟ್ಟೆ. ಆಫೀಸಿಗೆ ಹೋಗಿ ಡೈರಿಯಲ್ಲಿ 'ರವದಿ ಸುಡುವ ಪ್ರಾತ್ಯಕ್ಷಿಕೆ, ಒಂದು' ಎಂದು ಬರೆದೆ.

ಆ ಬೇಸಿಗೆಯಲ್ಲಿ ಕಾಲುವೆ ನೀರು ಎಂದಿನಂತೆ ತಲುಪಲಿಲ್ಲ. ಸೋಮಾರಿ ಹೊಲ ಉಳಿದ ಹೊಲಗಳ ಜೊತೆಗೇ ಒಣಗಿತು. ಕಬ್ಬು ಸೊಂಟದ ಮೇಲೆ ಏಳಲಿಲ್ಲ. ಮನೆಗೆ ಆಧಾರವಾಗಿದ್ದ ಬೆಳೆ ಹೋಗಿದ್ದರಿಂದ ಲಗಮವ್ವ ಆ ವರ್ಷ ಬೇರೆಯವರ ಹೊಲಕ್ಕೆ ಕಳೆ ತೆಗೆಯಲು ಹೋದರು. ಭೀಮಪ್ಪನೂ ರವದಿ ಸುಟ್ಟ. ಸಾಹೇಬರು ಸುಟ್ಟರೆಂದರೆ ಸುಡದೆ ಬಿಡುವುದರಲ್ಲಿ ಏನೋ ತಪ್ಪಿದ್ದಿರಬೇಕು ಎಂದು ಊರಲ್ಲಿ ಮಾತಾಯಿತು. ಲಗಮವ್ವ ನನ್ನ ಮೇಲೆ ದೂರು ಕೊಡಲಿಲ್ಲ. ನಾನು ಎರಡು ವರ್ಷ ಬಾಯಿ ತೆರೆಯಲಿಲ್ಲ. ನೌಕರಿಯ ಭಯ ಸ್ವಲ್ಪ, ದೇಸಾಯಿ ಸಾಹೇಬರ ಉಪದೇಶ ಸ್ವಲ್ಪ. ಎಲ್ಲಕ್ಕಿಂತ ಹೆಚ್ಚಾಗಿ, ಸುಡುವುದು ತಪ್ಪು ಅಂದರೆ ಕೈ ಮುಗಿದು ಕಡ್ಡಿ ಗೀರುತ್ತಿದ್ದ ಅಪ್ಪನನ್ನು ದಡ್ಡ ಅಂದ ಹಾಗೆ ಎಂದು ನನಗೆ ಸಂಕಟವಾಗುತ್ತಿತ್ತು. ಊರೂರಿಗೆ ಹೋಗಿ ಸುಡಿರಿ ಎಂದು ಹೇಳುತ್ತಲೇ ಇದ್ದೆ, ದನಿ ಮಾತ್ರ ಸಣ್ಣದಾಗಿತ್ತು.

ಎರಡು ವರ್ಷದ ನಂತರ ಹೊಸ ಕರಪತ್ರ ಬಂತು. ರವದಿ ಸುಡಬೇಡಿ, ಸಾಲು ಬಿಟ್ಟು ಸಾಲಿಗೆ ಹಾಸಿ, ಮೇಲೆ ಸ್ವಲ್ಪ ಯೂರಿಯಾ ಚೆಲ್ಲಿದರೆ ಮೊದಲ ತಿಂಗಳು ಬೆಳೆ ಹಳದಿಯಾಗುವುದಿಲ್ಲ ಎಂದಿತ್ತು. ನನ್ನ ಕಾಮಾಲೆಗೆ ಔಷಧ ಒಂದು ಬೊಗಸೆ ಯೂರಿಯಾ! ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇದನ್ನು ಹೇಳಲು ಅದೇ ಊರಿಗೆ ಹೋಗಬೇಕಾಯಿತು. ಶಾಲೆಯ ಪಡಸಾಲೆಯಲ್ಲಿ ಸಭೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ವಿಜ್ಞಾನ ಮುಂದುವರಿದಿದೆ, ಕಾಲ ಬದಲಾಗಿದೆ, ಆಗಿನದು ಆಗ ಸರಿ, ಈಗಿನದು ಈಗ ಸರಿ. ನಾನು ಸುಟ್ಟದ್ದು ಎಲ್ಲೂ ಬರಲಿಲ್ಲ. ಭೀಮಪ್ಪ ನೆಲ ನೋಡುತ್ತ ಕುಳಿತಿದ್ದ. ಭಾಷಣ ಮುಗಿದು, ಪ್ರಶ್ನೆ ಇದ್ದರೆ ಕೇಳಿರಿ ಅಂದಾಗ ಕಂಬದ ಹತ್ತಿರ ಕುಳಿತಿದ್ದ ಲಗಮವ್ವ ಎದ್ದು ನಿಂತರು. ಊರೆಲ್ಲ ಅವರ ಕಡೆ ತಿರುಗಿತು. ಇವತ್ತು ಸಾಹೇಬನ ಮರ್ಯಾದೆ ಹೋಯಿತು ಎಂದು ಎಲ್ಲರೂ ಕಾದರು, ನಾನೂ ಕಾದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಸಾಹೇಬ್ರ, ಇದು ನಿಮಗ ಯಾವಾಗ ತಿಳೀತ್ರಿ?"

ಎಷ್ಟು ಸುಲಭದ ಪ್ರಶ್ನೆ ನೋಡಿ. ಹೋದ ತಿಂಗಳು ಕಾಗದ ಬಂತು ಎಂದರೆ ಮುಗಿಯಿತು. ಕೈಯಲ್ಲೇ ಕರಪತ್ರವಿತ್ತು, ಅದರ ಮೇಲೆ ತಾರೀಖೂ ಇತ್ತು. ಬಾಯಿ ತೆರೆದೆ. ಅವರ ಮುಖ ನೋಡಿದೆ. ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕು ಎಂಬುದಷ್ಟೇ ಇತ್ತು. ಆ ಹೆಂಟೆಗಳನ್ನು ನಾನು ಮತ್ತೆ ಮಗುಚಿದ್ದು ಅವರಿಗೆ ಗೊತ್ತಿದೆಯೇನೋ ಎಂಬ ಅನುಮಾನ ಬಂತು. ಇದ್ದರೂ ಇರಬಹುದು, ಇವತ್ತಿಗೂ ನಾನು ಕೇಳಿಲ್ಲ.

"ನಿಮ್ಮ ಹೊಲ ಸುಟ್ಟ ಮರುದಿನ ಮುಂಜಾನಿ ತಿಳೀತ್ರಿ, ಅಕ್ಕಾರ" ಅಂದೆ.

ಅವರಿಗೆ ನಾನು ಬಹುವಚನ ಬಳಸಿದ್ದು ಅದೇ ಮೊದಲು. ಎರೆಹುಳು, ಬೆಳ್ಳಕ್ಕಿ, ಮುಚ್ಚಿಟ್ಟ ಹೆಂಟೆ, ಡೈರಿ, ಎಲ್ಲ ಹೇಳಿದೆ. ನಾಚಿಕೆಯಾಯಿತು, ಆದರೆ ಹೇಳಿ ಮುಗಿದ ಮೇಲೆ ಎರಡು ವರ್ಷದಿಂದ ಬಿಗಿಯಾಗಿದ್ದ ಎದೆ ಸಡಿಲಾಯಿತು.

"ಹಂಗಾದ್ರ ಎರಡ ವರ್ಷ ತಡಾ ಮಾಡಿದ್ರಿ" ಅಂದರು ಲಗಮವ್ವ. "ನಾಳಿ ಮುಂಜಾನಿ ನಮ್ಮ ಹೊಲಕ್ಕ ಬರ್ರಿ. ನೀವ ನಿಂತು ರವದಿ ಹಾಸಬೇಕು. ಪೂರಾ ತೋಳಿನ ಅಂಗಿ ಹಾಕ್ಕೊಂಡ ಬರ್ರಿ."

ಅಷ್ಟೆಲ್ಲ ವರ್ಷ ರವದಿಯ ಮೇಲೆ ಭಾಷಣ ಮಾಡಿದವನಿಗೆ ಅದನ್ನು ಕೈಯಿಂದ ಹಿಡಿದು ಗೊತ್ತಿರಲಿಲ್ಲ. ಅಂಗಿಯ ಮಾತನ್ನು ತಮಾಷೆ ಎಂದುಕೊಂಡು ಅರ್ಧ ತೋಳಿನದನ್ನೇ ಹಾಕಿಕೊಂಡು ಹೋದೆ. ಕಬ್ಬಿನ ಎಲೆಯ ಅಂಚು ಗರಗಸವಿದ್ದಂತೆ. ಮಧ್ಯಾಹ್ನದ ಹೊತ್ತಿಗೆ ಮೊಣಕೈವರೆಗೆ ಗೀರುಗಳಾಗಿ, ಬೆವರು ಇಳಿದು, ಎರಡೂ ಕೈ ಉರಿಯುತ್ತಿದ್ದವು. ಊರೆಲ್ಲ ಬದುವಿನ ಮೇಲೆ ಕುಳಿತು ನೋಡಿತು. ಸಾಲು ಸೊಟ್ಟಾಯ್ತು ನೋಡ್ರಿ ಎಂದು ಒಬ್ಬರು, ಯೂರಿಯಾ ಉಪ್ಪಿನಂಗ ಚೆಲ್ಲಬ್ಯಾಡ್ರಿ ಎಂದು ಇನ್ನೊಬ್ಬರು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಜನ ಸೇರಿದ ಪ್ರಾತ್ಯಕ್ಷಿಕೆ ಇನ್ನೊಂದಿಲ್ಲ. ಭೀಮಪ್ಪ ಸಂಜೆಗೆ ತನ್ನ ಹೊಲದಲ್ಲೂ ಹಾಸಲು ಶುರು ಮಾಡಿದ. ಮನೆಗೆ ಹೋಗುವಾಗ ಕಡ್ಡಿಪೆಟ್ಟಿಗೆಯನ್ನು ಕಾಲುವೆಗೆ ಎಸೆದೆ. ಎಸೆದ ಮೇಲೆ ಯಾರಾದರೂ ನೋಡಿದರೇನೋ ಎಂದು ತಿರುಗಿ ನೋಡಿದೆ. ನೋಡಲಿ ಎಂಬ ಆಸೆಯಿಂದ.

ಇನ್ನು ಅಪ್ಪನಿಗೆ ಹೇಳುವುದಿತ್ತು. ಊರಿಗೆ ಹೋಗಿ, ಊಟವಾದ ಮೇಲೆ, ಹೆದರುತ್ತ ಹೆದರುತ್ತ, ರವದಿ ಸುಡುವುದು ಸರಿಯಲ್ಲವಂತೆ ಅಪ್ಪಾ ಅಂದೆ. ಅಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ಅದು ನನಗೂ ಅನಿಸಿತ್ತು" ಅಂದ. "ನೀ ನೌಕರಿ ಹತ್ತೂಕಿಂತ ಮೊದಲ ಎರಡ ವರ್ಷ ನಾ ಸುಟ್ಟಿರಲಿಲ್ಲ. ಆಮ್ಯಾಲ ನೀ ದೀಪಾವಳಿಗೆ ಬಂದು, ಸುಡಾಕಬೇಕು ಅಂತ ಒಂದ ತಾಸು ಭಾಷಣಾ ಮಾಡಿದಿ. ಓದಿದ ಮಗಾ ಹೇಳಾಕತ್ತಾನ, ಖರೆ ಇದ್ದೀತು ಅಂತ ಮತ್ತ ಹಚ್ಚಿದ್ನಿ."

ನಾನು ಅಪ್ಪನನ್ನು ನಂಬಿ ಊರೂರು ಸುಡಿಸಿದ್ದೆ. ಅಪ್ಪ ನನ್ನನ್ನು ನಂಬಿ ತನ್ನ ಹೊಲ ಸುಟ್ಟಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಒಂದು ಮಾತು ಕೇಳಿರಲಿಲ್ಲ. ಅಪ್ಪ ಮೊದಲು ನಕ್ಕ. ಅವನಿಗೆ ನಗು ತಡೆಯಲಾಗದೆ ಕೆಮ್ಮು ಬಂತು, ನಾನು ಬೆನ್ನು ಸವರುತ್ತ ನಕ್ಕೆ. ಒಳಗಿನಿಂದ ಅವ್ವ ಬಂದು ಇಬ್ಬರಿಗೂ ಏನಾಯಿತು ಎಂದು ನೋಡಿ ಹೋದಳು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬಹಳ ದೊಡ್ಡ ಮನುಷ್ಯನಾಗಿ ಕಾಣುತ್ತಿದ್ದೆ. ಆದರೆ ಹುಕ್ಕೇರಿಯ ವರ್ಷಗಳನ್ನು ಮುಚ್ಚಿಟ್ಟರೆ ಮತ್ತೆ ಹೆಂಟೆ ಮಗುಚಿದ ಹಾಗಾಗುತ್ತದೆ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಹುಕ್ಕೇರಿಯಲ್ಲಿ ನಾನು ರವದಿ ಹಾಸುವುದರ ಪೂಜಾರಿಯಾದೆ. ಎಲ್ಲೇ ಹೊಗೆ ಕಂಡರೂ ಬೈಕ್ ತಿರುಗಿಸುತ್ತಿದ್ದೆ. ಒಮ್ಮೆ ಹಾಗೆ ಬೆನ್ನಟ್ಟಿ ಹೋದಾಗ ಒಬ್ಬರ ಮನೆಯ ಮುಂದೆ ಸ್ನಾನದ ನೀರು ಕಾಯಿಸುತ್ತಿದ್ದರು. ಅಷ್ಟರಲ್ಲಿ ಡೈರಿ ಹೋಗಿ ಮೊಬೈಲ್ ಬಂದಿತ್ತು, ಹಾಸಿದ ಹೊಲದ ಫೋಟೋ ಕಳಿಸಬೇಕಿತ್ತು. ಕೆಲಸ ತೋರಿಸುವ ಉತ್ಸಾಹದಲ್ಲಿ ಒಂದೇ ಹೊಲವನ್ನು ನಾಲ್ಕು ಮೂಲೆಯಿಂದ ತೆಗೆದು ನಾಲ್ಕು ಹೊಲ ಎಂದು ಕಳಿಸಿದ್ದೂ ಉಂಟು. ನಾಲ್ಕರಲ್ಲೂ ಅದೇ ಎಮ್ಮೆ ನಿಂತಿತ್ತು.

ಎಮ್ಮೆಯನ್ನು ಗುರುತು ಹಿಡಿದವರು ಸುಜಾತಾ ಮೇಡಂ. ನನ್ನ ಕೊನೆಯ ಮೇಲಧಿಕಾರಿ, ನನ್ನ ಮಗಳ ವಯಸ್ಸಿನವರು. ಹತ್ತಿರದ ಹಳ್ಳಿಯ ಬೌದ್ಧ ಮನೆತನ, ತಂದೆ ತಾಯಿ ಇಬ್ಬರೂ ಕಬ್ಬು ಕಡಿಯಲು ಹೋಗುತ್ತಿದ್ದವರು. ನನ್ನನ್ನು ಕಾಕಾ ಅನ್ನುತ್ತಿದ್ದರು, ಎಮ್ಮೆಯ ವಿಷಯ ಹೇಳುವಾಗಲೂ ಕಾಕಾ ಎಂದೇ ಹೇಳಿದರು. ಒಂದು ಹೊಲದಲ್ಲಿ ಕಬ್ಬಿಗೆ ಕಾಡಿಗೆ ರೋಗ ಬಿದ್ದಿತ್ತು. ಸುಳಿಯಿಂದ ಕಪ್ಪು ಚಾಟಿಯಂಥದು ಹೊರಡುತ್ತದೆ, ಮುಟ್ಟಿದರೆ ಕೈಗೆ ಮಸಿ. ಆ ಬುಡಗಳನ್ನು ಕಿತ್ತು, ರವದಿ ಸಮೇತ ಸುಡಿಸಿರಿ ಅಂದರು. ನಾನು ಒಪ್ಪಲಿಲ್ಲ. ಬೆಂಕಿಯಿಂದ ಆಗುವ ಅನಾಹುತ ನಿಮಗೇನು ಗೊತ್ತು ಎಂದು 'ರವದಿ ಸುಡಬೇಕು' ಎಂದು ಊರೂರಲ್ಲಿ ಕರಪತ್ರ ಓದುತ್ತಿದ್ದದ್ದರಿಂದ ಹಿಡಿದು ಅರ್ಧ ಗಂಟೆ ಎರೆಹುಳುವಿನ ಕಥೆ ಹೇಳಿದೆ. ಮೇಡಂ ತಾಳ್ಮೆಯಿಂದ ಕೇಳಿ, ಕಪಾಟಿನಿಂದ ಆ ಹಳೆಯ ಕರಪತ್ರ ತೆಗೆದು ನನ್ನ ಮುಂದಿಟ್ಟು, ಮೊದಲ ಮೂರು ಪದದ ಮೇಲೆ ಬೆರಳಿಟ್ಟರು.

"ಕಾಕಾ, ಮೊದಲ ಈ ಮೂರ ಪದಾ ಬಿಟ್ಟು ಓದಿದ್ರಿ. ಈಗ ಪೂರಾ ಸಾಲ ಬಿಡಾಕತ್ತೀರಿ" ಅಂದರು.

ನಾನು ಸುಡಿಸಿದೆ. ಆದರೆ ಮೇಡಂ ಹೇಳಿದರು ಎಂದು ಸುಡಿಸಿದೆ, ಒಪ್ಪಿ ಸುಡಿಸಲಿಲ್ಲ. ಮೂಡಲಗಿಯಲ್ಲಿ ಮನಸ್ಸು ಬದಲಾಗಿ ಬಾಯಿ ಬದಲಾಗಿರಲಿಲ್ಲ. ಇಲ್ಲಿ ಬಾಯಿ ಹೂಂ ಅಂದಿತು, ಮನಸ್ಸು ಅಲ್ಲೇ ನಿಂತಿತ್ತು. ಹಾಗೇ ನಿವೃತ್ತನಾದೆ, ಶಾಲು ಹೊದಿಸಿದರು, ಹಾರ ಹಾಕಿದರು.

ಹೋದ ತಿಂಗಳು ಮೂಡಲಗಿಗೆ ಒಂದು ಮದುವೆಗೆ ಹೋದವನು ಬಸ್ ಹಿಡಿದು ಲಗಮವ್ವನ ಊರಿಗೂ ಹೋದೆ. ಅವರಿಗೆ ಬೆನ್ನು ಬಾಗಿದೆ, ಕಣ್ಣು ಮಾತ್ರ ಹಾಗೇ ಇದೆ. ಹೊಲದಲ್ಲಿದ್ದರು. ದೂರದಿಂದಲೇ ನನಗೆ ಕಂಡದ್ದು ತಗ್ಗಿನ ಮೂಲೆಯಲ್ಲಿ ಒಟ್ಟಿದ ಒಂದು ರವದಿ ಬಣವೆ. ಏನಿದು ಅಂದೆ. ಸುಡಬೇಕು ಅಂದರು. ನನ್ನ ತಲೆ ಕೆಟ್ಟಿತು. ಕ್ಷೇಮ ಸಮಾಚಾರ ಕೂಡ ಕೇಳದೆ, ನೀವೇ ಹೀಗೆ ಮಾಡಿದರೆ ಹೇಗೆ, ಊರಿಗೆ ದಾರಿ ತೋರಿಸಿದವರು ನೀವು ಎಂದು ಶುರು ಮಾಡಿದೆ. ಎರೆಹುಳುವಿನವರೆಗೆ ಬಂದಿದ್ದೆ. ಲಗಮವ್ವ ಕೈ ಎತ್ತಿದರು.

"ಮೊದಲ ಬೆಂಕಿ ಹಿಡಕೊಂಡ ಬಂದ್ರಿ. ಆಮ್ಯಾಲ ರವದಿ ಹಿಡಕೊಂಡ ಬಂದ್ರಿ" ಅಂದರು. "ಒಂದ ಸಲಾ ಬರೇ ಕೈಲೆ ಬಂದು ಹೊಲಾ ನೋಡ್ರಿ, ಸಾಹೇಬ್ರ."

ಬಗ್ಗಿ ನೋಡಿದೆ. ಬಣವೆಯಲ್ಲಿ ಬರೀ ರವದಿ ಇರಲಿಲ್ಲ, ಬುಡ ಸಮೇತ ಕಿತ್ತ ಕಬ್ಬಿತ್ತು. ಸುಳಿಯಲ್ಲಿ ಕಪ್ಪು ಚಾಟಿ. ಮುಟ್ಟಿದೆ, ಬೆರಳಿಗೆ ಮಸಿ ಹತ್ತಿತು. ಆ ಮೂಲೆ ಬಿಟ್ಟರೆ ಉಳಿದ ಹೊಲದ ತುಂಬ ರವದಿ ಸಾಲು ಬಿಟ್ಟು ಸಾಲಿಗೆ ನೀಟಾಗಿ ಹಾಸಿತ್ತು. ಅದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಸುಜಾತಾ ಮೇಡಂ ಬೆರಳಿಟ್ಟ ಮೂರು ಪದ ಆ ಹೊತ್ತಿಗೆ ನನ್ನ ತಲೆಗೆ ಹೋದವು. ಹೌದ್ರಿ ಅಕ್ಕಾರ, ಸುಡಬೇಕು ಅಂದೆ. ಈ ಸಲ ಬಾಯಿಯೂ ಮನಸ್ಸೂ ಒಟ್ಟಿಗೆ ಅಂದವು.

"ಕಡ್ಡಿಪೆಟಿಗಿ ಐತೇನ್ರಿ?" ಎಂದು ಕೇಳಿದರು.

ಕೈ ತಾನಾಗಿ ಜೇಬಿಗೆ ಹೋಯಿತು. ಕನ್ನಡಕದ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಬೇಡದಾಗ ಅಷ್ಟು ವರ್ಷ ಹೊತ್ತು ತಿರುಗಿದವನು ಬೇಕಾದಾಗ ಖಾಲಿ ಜೇಬಿನಲ್ಲಿ ಬಂದಿದ್ದೆ. ಊರೊಳಗಿನ ಅಂಗಡಿಗೆ ನಡೆದು ಹೋಗಿ ಒಂದು ಪೆಟ್ಟಿಗೆ ತಂದೆ. ಈ ವಯಸ್ಸಿನಾಗ ಬೀಡಿ ಚಾಲೂ ಮಾಡಿದ್ರೇನ್ರಿ ಎಂದು ಅಂಗಡಿಯವನು ಕೇಳಿದ.

ಬಣವೆಯ ಮುಂದೆ ನಿಂತು ಪೆಟ್ಟಿಗೆ ತೆರೆದೆ. ಕಡ್ಡಿ ಹೊರಗೆ ತೆಗೆದೆ. ಗೀರುವ ಮೊದಲು, ನೌಕರಿಯ ಅಷ್ಟೂ ವರ್ಷಗಳಲ್ಲಿ ಯಾರ ಹೊಲದಲ್ಲೂ ಕೇಳದ ಒಂದು ಮಾತು ಕೇಳಿದೆ.

"ಹಚ್ಚಲೇನ್ರಿ, ಅಕ್ಕಾರ?"

ಲಗಮವ್ವ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಗಾಳಿಗೆ ಬಿಟ್ಟರು. ಮಣ್ಣು ಭೀಮಪ್ಪನ ಹೊಲದ ಕಡೆ ಹಾರಿತು. ಅಲ್ಲಿ ಅವನ ರವದಿ ಹಾಸಿಕೊಂಡು ಬಿದ್ದಿತ್ತು.

"ತಡೀರಿ. ಗಾಳಿ ನಿಲ್ಲಲಿ" ಅಂದರು. ಇಬ್ಬರೂ ಬದುವಿನ ಮೇಲೆ ಕುಳಿತೆವು. ಗಾಳಿ ನಿಲ್ಲುವ ಲಕ್ಷಣ ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಲಗಮವ್ವ ಮೊಣಕಾಲು ಹಿಡಿದುಕೊಂಡು ಎದ್ದು, ಚಹಾ ಮಾಡಿಕೊಂಡು ಬರುತ್ತೇನೆ ಅಂದರು. ನಾಲ್ಕು ಹೆಜ್ಜೆ ಹೋದವರು ಏನೋ ನೆನಪಾಗಿ ತಿರುಗಿ ಬಂದು, ನನ್ನ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡರು.

"ನಾ ಬರೂತನಕ ಇದು ನನ್ನ ಕಡೆ ಇರ್ಲಿ" ಅಂದರು.